ಆಟೋದಲ್ಲಿ ಬಂದವರಿಗೆ ಒದೆಯಿಲ್ಲ

ಆಗಿನ ಇಟ್ಟಮಡುವಿನ ಓಣಿಗೆ ಆಟೋ ಬರುವುದೇ ಅಪರೂಪ. ಅಂಥದ್ದು ತಮ್ಮ ಮನೆಯ ಮುಂದೆಯೇ ನಿಂತಾಗ, ಜಗಲಿಯ ಮೇಲೆ ಊದುಬತ್ತಿ ಹೊಸೆಯುತ್ತಿದ್ದ ರುದ್ರಮ್ಮ ಕತ್ತೆತ್ತಿ ನೋಡಿದಳು. ಮೊದಲು ಎರಡು ಕೈ ಹೊರಬಂದು ಕಂಬಿ ಹಿಡಿದವು. ಆಮೇಲೆ ಒಂದು ಕಾಲು. ಆಮೇಲೆ ಅರ್ಧಕ್ಕೆ ಮಡಚಿಕೊಂಡ ಒಬ್ಬ ಗಂಡಸು.

ಮುಖ ಕಾಣುವ ಮುಂಚೆಯೇ ಅವಳಿಗೆ ಗೊತ್ತಾಯಿತು. ಆ ಅಗಲವಾದ ಕಿವಿಗಳನ್ನು ಎರಡು ವರ್ಷದಿಂದ ಅವಳು ಮರೆತಿರಲಿಲ್ಲ. ಪುಟ್ಟೇನಹಳ್ಳಿಯ ಬೈಲಪ್ಪ. ಉರಿಬಿಸಿಲಲ್ಲಿ ಮಜ್ಜಿಗೆ ಕುಡಿದ ಹಾಗೆ ಅವಳ ಹೊಟ್ಟೆ ತಣ್ಣಗಾಯಿತು.

ಯಾಕೆ ಅಂತ ಹೇಳಬೇಕಲ್ಲ. ರುದ್ರಮ್ಮ ಕಾಲು ಮುಂದಾಗಿ ಹುಟ್ಟಿದವಳು. ಹಾಗೆ ಹುಟ್ಟಿದವರು ಒದ್ದರೆ ಹಿಡಿದ ಸೊಂಟ ಬಿಡುತ್ತದೆ ಅಂತ ಜನರ ನಂಬಿಕೆ. ಅವಳಿಗೆ ಐದು ತುಂಬಿದಾಗಿನಿಂದ ಸುತ್ತಲಿನವರೆಲ್ಲ ಬಂದು ಆ ಜಗಲಿಯ ಮೇಲೆ ಬೋರಲು ಮಲಗಿ, ಎಡಗಾಲಿನ ಹಿಮ್ಮಡಿಯಿಂದ ಮೂರು ಸಲ ಒದೆಸಿಕೊಂಡು, ಎಲೆ ಅಡಿಕೆ ಇಟ್ಟು ಕೈ ಮುಗಿದು ಹೋಗುತ್ತಿದ್ದರು.

ಕೈ ಮುಗಿಯದವನು ಒಬ್ಬನೇ. ಬೈಲಪ್ಪನ ದೊಡ್ಡಪ್ಪ ಉಗ್ರಪ್ಪ. ಎರಡು ವರ್ಷದ ಹಿಂದೆ ಬೈಲಪ್ಪನಿಗೆ ಹೆಣ್ಣು ನೋಡಲು ಬಂದಿದ್ದಾಗ ಅವಳ ಹುಟ್ಟಿನ ವಿಷಯ ಕಿವಿಗೆ ಬಿದ್ದದ್ದೇ ತಡ, ಟವೆಲ್ ಕೊಡವಿಕೊಂಡು ಎದ್ದ. "ಕಾಲು ಮುಂದಾಗಿ ಹುಟ್ಟಿದೋಳು ಹೋದ ಮನೇನೇ ಒದೀತಾಳೆ," ಅಂದ.

ರುದ್ರಮ್ಮ ಬಾಗಿಲ ಸಂದಿಯಿಂದ ನೋಡುತ್ತಿದ್ದಳು. ಅರ್ಧ ಗಂಟೆ ಮುಂಚೆ ಕಾಫಿ ಲೋಟದ ಅಂಚಿನ ಮೇಲಿಂದ ಅವಳ ಕಣ್ಣಿಗೆ ಕಣ್ಣು ಸೇರಿಸಿ, ನಕ್ಕೂ ನಗದ ಹಾಗೆ ನಕ್ಕಿದ್ದ ಹುಡುಗ. ಅವಳೂ ನಾಚಿಕೆ ಬಿಟ್ಟು ನಕ್ಕಿದ್ದಳು. ಅದೇ ಹುಡುಗ ಈಗ ತಲೆ ತಗ್ಗಿಸಿ, ಕೈಯಲ್ಲಿದ್ದ ಚಕ್ಕುಲಿಯನ್ನು ಪೂರ್ತಿ ತಿಂದು ಮುಗಿಸಿ, ದೊಡ್ಡಪ್ಪನ ಹಿಂದೆ ನಡೆದುಬಿಟ್ಟ.

ಮಾತು ಊರೂರು ಸುತ್ತಿತು. ಆಮೇಲೆ ಬಂದ ಎರಡು ಸಂಬಂಧಗಳೂ ಅದೇ ಮಾತಿಗೆ ಮುರಿದವು. ತಾಯಿ ಅಂಕಮ್ಮ ಅತ್ತಳು. ರುದ್ರಮ್ಮ ಅಳಲಿಲ್ಲ, ಕಾದಳು. ಆ ಮಾತು ಸುಳ್ಳು ಅಂತ ಆ ಮನೆಯವರ ಬಾಯಲ್ಲೇ, ಜನರ ಮುಂದೆಯೇ ಹೇಳಿಸಬೇಕು. ಅವಳಿಗೆ ಬೇಕಾಗಿದ್ದದ್ದು ಅಷ್ಟೇ.

ಈಗ ಅವನು ಜಗಲಿಯ ಕಂಬ ಹಿಡಿದು ಬೆವರುತ್ತಿದ್ದ. ಕರೆಂಟ್ ಆಫೀಸಿನಲ್ಲಿ ಲೈನ್‌ಮ್ಯಾನ್. ಜೆ.ಪಿ. ನಗರದ ಹೊಸ ಸೈಟುಗಳಿಗೆ ಕಂಬ ನೆಡುವಾಗ ಸೊಂಟ ಹಿಡಿದಿತ್ತಂತೆ. ಡಾಕ್ಟರು ಮಾತ್ರೆ ಕೊಟ್ಟು ಹಲಗೆಯ ಮೇಲೆ ಮಲಗಿರು ಅಂದಿದ್ದರಂತೆ. ಹದಿನೈದು ದಿನ ಮಲಗಿದ ಮೇಲೆ ಏಳುವುದೇ ಕಷ್ಟವಾಯಿತಂತೆ.

"ಕಾಲು ಜೋಮು ಹಿಡಿಯುತ್ತಾ? ಕಾಲಲ್ಲಿ ಶಕ್ತಿ ಕಮ್ಮಿ ಆಗಿದ್ಯಾ?" ಅಂತ ಕೇಳಿದಳು. ಪಾದ ಮರಗಟ್ಟಿದೆ ಅಂದವನೊಬ್ಬನನ್ನು ಹಿಂದೊಮ್ಮೆ ಒದೆಯದೆ ದೊಡ್ಡಾಸ್ಪತ್ರೆಗೆ ಕಳಿಸಿದ್ದಳು.

"ಅದೆಲ್ಲ ಇಲ್ಲ. ಬರೀ ಸೊಂಟ."

"ಹಾಗಿದ್ರೆ ಹೋಗಿ. ಆಟೋದಲ್ಲಿ ಬಂದೋರಿಗೆ ನಾನು ಒದಿಯಲ್ಲ. ನಾಳೆ ಬನಶಂಕರಿ ಗುಡಿ ಹತ್ರ ಬಸ್ ಇಳಿದು, ಅಲ್ಲಿಂದ ನಡ್ಕೊಂಡು ಬನ್ನಿ. ಸುಸ್ತಾದ್ರೆ ನಿಂತು ಬನ್ನಿ."

ಅವನು ನೋಡಿದ ನೋಟ ಇತ್ತಲ್ಲ, ಅದಕ್ಕೇ ಎರಡು ವರ್ಷ ಕಾದದ್ದು ಸಾರ್ಥಕ ಅನ್ನಿಸಿತು ಅವಳಿಗೆ.

ಒಂದು ಗುಟ್ಟು. ತನ್ನ ಒದೆಯಲ್ಲಿ ಏನೂ ಇಲ್ಲವೆಂದು ರುದ್ರಮ್ಮನಿಗೆ ಎಂದೋ ಗೊತ್ತಾಗಿತ್ತು. ಮನೆಗೇ ಕರೆಸಿಕೊಂಡು ಒದೆಸಿಕೊಂಡವರು ತಿಂಗಳುಗಟ್ಟಲೆ ನರಳುತ್ತಿದ್ದರು. ನಡೆದು ಬಂದು, ನಡೆದು ಹೋದವರು ವಾರದಲ್ಲಿ ಗೆಲುವಾಗುತ್ತಿದ್ದರು. ಇಡೀ ದಿನ ಊದುಬತ್ತಿ ಹೊಸೆದು ಅವಳ ಸೊಂಟವೂ ಹಿಡಿಯುತ್ತಿತ್ತು. ಬಾವಿಗೆ ಎರಡು ಸಲ ಹೋಗಿ ಬಂದರೆ ಸಡಿಲವಾಗುತ್ತಿತ್ತು. ಮೂರು ಒದ್ದು "ಇನ್ನೊಂದು ತಿಂಗಳು ಅಲ್ಲಾಡದೆ ಮಲಗಿ" ಅಂದಿದ್ದರೆ ಸೇಡು ಸಲೀಸಾಗಿ ತೀರುತ್ತಿತ್ತು. ಅವಳು ಅನ್ನಲಿಲ್ಲ. ನಡೆಸುವುದೇ ದೊಡ್ಡ ಶಿಕ್ಷೆ ಅಂತ ತನಗೆ ತಾನೇ ಹೇಳಿಕೊಂಡಳು. ಹೇಳಿಕೊಳ್ಳಲಿ ಬಿಡಿ.

ಮಾರನೆಯ ದಿನ ಹತ್ತು ಕಡೆ ನಿಂತು ನಿಂತು ಬಂದ. ಮಂಗಳವಾರ ಒದೆಯುವುದಿಲ್ಲ ಅಂದಳು. ಬುಧವಾರ ತನ್ನ ಕಾಲಿಗೆ ಮುಳ್ಳು ಚುಚ್ಚಿದೆ ಅಂದಳು. ಗುರುವಾರ ತಲೆನೋವು. ತಲೆನೋವಿಗೂ ಕಾಲಿಗೂ ಏನು ಸಂಬಂಧ ಅಂತ ಅವನು ಕೇಳಲಿಲ್ಲ. ನೀರು ಕೇಳಿದರೆ ಚೊಂಬನ್ನು ಬೇಕೆಂತಲೇ ನೆಲದ ಮೇಲೆ ಇಡುತ್ತಿದ್ದಳು.

"ಸೊಂಟ ಬಗ್ಗಿಸ್ಬೇಡಿ. ಮಂಡಿ ಬಗ್ಗಿಸಿ, ಕುಕ್ಕರಗಾಲಲ್ಲಿ ಕೂತು ತಗೊಳ್ಳಿ."

ಅವನು ಕುಕ್ಕರಗಾಲಲ್ಲಿ ಕೂತು, ಚೊಂಬಿನ ಅಂಚಿನ ಮೇಲಿಂದ ಅವಳನ್ನು ನೋಡುತ್ತ ಕುಡಿಯುತ್ತಿದ್ದ. ಅದೇ ಹಳೆಯ ಕಣ್ಣು. ಅವಳು ಊದುಬತ್ತಿಯ ಮಣೆಯತ್ತ ತಿರುಗಿ ಕಡ್ಡಿಯನ್ನು ಎಷ್ಟು ಜೋರಾಗಿ ಹೊಸೆದಳೆಂದರೆ ಅದು ಮುರಿಯಿತು. "ಪಾಪ, ಕಡ್ಡಿ ಏನ್ ಮಾಡಿತ್ತು," ಅಂದ ಅವನು. ನಗು ಬಂದದ್ದಕ್ಕೆ ಅವಳಿಗೆ ಅವನ ಮೇಲೆ ಇನ್ನೂ ಸಿಟ್ಟು ಬಂತು.

ಹದಿನಾಲ್ಕನೆಯ ದಿನ ಭಾನುವಾರ. ನೀರು ಸೇದಲು ಹೋದವಳು ಬಾವಿಕಟ್ಟೆಯಿಂದ ನೋಡಿದಳು. ಬೈಲಪ್ಪ ಸಿಳ್ಳೆ ಹಾಕಿಕೊಂಡು ಬರುತ್ತಿದ್ದ. ಓಣಿಯ ತಿರುವಿನ ಮೋರಿಯನ್ನು ಒಂದೇ ನೆಗೆತಕ್ಕೆ ದಾಟಿದ. ಮನೆ ಕಂಡದ್ದೇ ಸೊಂಟಕ್ಕೆ ಕೈ ಕೊಟ್ಟು, ಬೆನ್ನು ಬಗ್ಗಿಸಿ, ಕುಂಟತೊಡಗಿದ. ಕಳ್ಳ. ಅವಳಿಗೆ ಖುಷಿಯೂ ಆಯಿತು, ಮೈಯೂ ಉರಿಯಿತು. ಇವತ್ತೇ ಸರಿ ಅಂದುಕೊಂಡಳು. ಬಾವಿಯ ಹತ್ತಿರ ಊರಿನ ಅರ್ಧದಷ್ಟು ಹೆಂಗಸರು ಸೇರಿದ್ದರು.

ಜಗಲಿಗೆ ಬಂದವಳೇ "ಮಲಗಿ," ಅಂದಳು. ಅವನು ಜಗಲಿಯ ಮೇಲೆ ಬೋರಲು ಮಲಗಿದ. ಹೆಂಗಸರು ಕೊಡ ಇಳಿಸಿ ನಿಂತರು. ಎಡಗಾಲನ್ನು ಅವನ ಬೆನ್ನಿನ ಮೇಲಿಟ್ಟಳು. ಒದೆಯಲಿಲ್ಲ.

"ಇದೇ ಜಗಲೀಲಿ ನಿಮ್ಮ ದೊಡ್ಡಪ್ಪ ಏನಂದ್ರು? ಎಲ್ರಿಗೂ ಕೇಳೋ ಹಾಗೆ ಹೇಳಿ."

"ಕಾಲು ಮುಂದಾಗಿ ಹುಟ್ಟಿದೋಳು ಹೋದ ಮನೇನೇ ಒದೀತಾಳೆ ಅಂದ್ರು."

"ನೀವೇನಂದ್ರಿ?"

"ಏನೂ ಅನ್ಲಿಲ್ಲ."

"ಅವರು ಅಂದಿದ್ದು ನನಗೆ ನಾಲ್ಕು ದಿನಕ್ಕೆ ಮರೆತುಹೋಯ್ತು. ನೀವು ಚಕ್ಕುಲಿ ತಿಂದಿದ್ದು ಇವತ್ತಿಗೂ ಮರೆತಿಲ್ಲ."

ಕೆನ್ನೆ ಜಗಲಿಗೆ ಒತ್ತಿದ್ದಂತೆಯೇ ಅವನು ಹೇಳಿದ. ಅಪ್ಪ ಸತ್ತ ಮೇಲೆ ದೊಡ್ಡಪ್ಪನೇ ಸಾಕಿದ್ದರಂತೆ, ಅವರ ಎದುರು ಎಂದೂ ಬಾಯಿ ತೆರೆದಿರಲಿಲ್ಲವಂತೆ. ಹೆದರಿದ್ದೆ, ಅದು ತಪ್ಪು ಅಂದ. ಆ ಮಾತು ಸುಳ್ಳು ಅಂತಲೂ ಅಂದ. ಬಾವಿಯವರೆಗೂ ಕೇಳಿಸಿತು.

"ನೋವು ಹೋಗಿ ನಾಲ್ಕು ದಿನ ಆಯ್ತು," ಅಂದ.

"ಮೋರಿ ಹಾರಿದ್ದು ನೋಡ್ದೆ."

"ನಿನ್ನ ನೋಡೋಕೇ ಬರ್ತಿದ್ದೆ, ರುದ್ರಿ. ಮದುವೆಯಾಗಿ ಬರೋ ಹೆಣ್ಣೆಲ್ಲ ಹೊಸಿಲಲ್ಲಿ ಅಕ್ಕಿ ಸೇರು ಒದ್ದೇ ಒಳಗೆ ಬರೋದು. ಒದಿಯೋದಾದ್ರೆ ನಮ್ಮನೆ ಹೊಸಿಲಿಗೇ ಬಂದು ಒದಿ."

ಹೆಂಗಸರ ಗುಂಪಿನಲ್ಲಿ ಯಾರೋ ಬಾಯಿಗೆ ಸೆರಗು ಒತ್ತಿದರು. ರುದ್ರಮ್ಮನ ಕಣ್ಣು ತುಂಬಿತು, ಅದಕ್ಕೂ ಅವಳಿಗೆ ಕೋಪ ಬಂತು. ಮೂರಲ್ಲ, ಒಂದೇ ಒಂದು ಒದೆ ಒದ್ದಳು. ಅವನು ಅಯ್ಯೋ ಅಂದ.

"ಇದು ಚಕ್ಕುಲಿಗೆ. ಸೇರು ನಿಮ್ಮ ದೊಡ್ಡಪ್ಪನೇ ತಂದು ನನ್ನ ಕಾಲ ಮುಂದೆ ಇಡ್ಬೇಕು. ಹಾಗಿದ್ರೆ ಬರ್ತೀನಿ."

ಸೇರು ಇಡುವುದು ಮುತ್ತೈದೆಯರ ಕೆಲಸ. ಗಂಡಸು, ಅದರಲ್ಲೂ ಉಗ್ರಪ್ಪ, ಇಡುವುದುಂಟೇ? ಬೈಲಪ್ಪ ಹೋದ. ಹನ್ನೊಂದು ದಿನ ಸುದ್ದಿಯಿಲ್ಲ. ಮತ್ತೆ ಬಾಯಿ ಮುಚ್ಚಿಕೊಂಡ ಅಂತ ಅವಳು ದಿನಾ ಅವನಿಗೆ ಶಾಪ ಹಾಕಿದಳು, ದಿನಾ ಮೋರಿಯತ್ತ ನೋಡಿದಳು. ಹನ್ನೆರಡನೆಯ ದಿನ ಬಂದ. ಸೊರಗಿದ್ದ. ದೊಡ್ಡಪ್ಪ ಒಪ್ಪುವ ತನಕ ಒಂದೇ ಮಾತು ಹಿಡಿದು ಕೂತಿದ್ದನಂತೆ. ಅಂಕಮ್ಮ ಒಳಗಿಂದ ಚಕ್ಕುಲಿ ತಂದಿಟ್ಟಳು. ಅವನು ಮುಟ್ಟಲಿಲ್ಲ.

ಹೆಣ್ಣನ್ನು ಮನೆ ತುಂಬಿಸಿಕೊಳ್ಳುವ ದಿನ ಪುಟ್ಟೇನಹಳ್ಳಿಯ ಹೊಸಿಲಿನ ಆಚೆ ಈಚೆ ಜನವೋ ಜನ. ಉಗ್ರಪ್ಪ ಮುಖ ಗಂಟಿಕ್ಕಿಕೊಂಡು ಅಕ್ಕಿ ತುಂಬಿದ ಸೇರು ತಂದ. ಮಂಡಿ ನೆಟ್ಟಗೆ ಇಟ್ಟುಕೊಂಡು, ಸೊಂಟದಿಂದಲೇ ಬಗ್ಗತೊಡಗಿದ. ಹಾಗೆ ಬಗ್ಗಬಾರದು ಅಂತ ರುದ್ರಮ್ಮನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಹೇಳಲು ಬಾಯಿ ತೆರೆದಳು. ಎರಡು ವರ್ಷ ನೆನಪಾಯಿತು. ಮುಚ್ಚಿದಳು.

"ದೊಡ್ಡಪ್ಪ, ಮಂಡಿ ಬಗ್ಗಿಸಿ." ಹೇಳಿದವನು ಬೈಲಪ್ಪ, ಇಡೀ ಮನೆಗೆ ಕೇಳುವ ಹಾಗೆ.

ಉಗ್ರಪ್ಪ ಇನ್ನೊಬ್ಬರ ಮಾತು ಕೇಳುವ ಆಸಾಮಿಯಲ್ಲ. ಸೇರು ಹೊಸಿಲು ಮುಟ್ಟಿತು, ಸೊಂಟ ಹಿಡಿಯಿತು. ಮೇಲೇಳಲಾಗದೆ, ಅವಳ ಪಾದದ ಮುಂದೆ ತಲೆ ಬಾಗಿಸಿಕೊಂಡು ಹಾಗೇ ನಿಂತ. ರುದ್ರಮ್ಮ ಒಂದು ಗಳಿಗೆ ಕಣ್ತುಂಬ ನೋಡಿದಳು. ಆಮೇಲೆ ಬಲಗಾಲೆತ್ತಿ ಒದ್ದಳು. ಸೇರು ನಡುಮನೆಯವರೆಗೂ ಉರುಳಿತು, ಅಕ್ಕಿ ಅವನ ಕಾಲ ಸುತ್ತ ಚೆಲ್ಲಿತು.

"ಮಲಗ್ಬೇಡಿ ಮಾವ," ಅಂದಳು, ಬಹಳ ಮರ್ಯಾದೆಯಿಂದ. "ನಾಳೆಯಿಂದ ಬೆಳಿಗ್ಗೆ ಎದ್ದು ಬನಶಂಕರಿ ಗುಡಿ ಕಡೆ ನಡೀರಿ, ಆದಷ್ಟು ದೂರ. ಒದಿಯೋದು ಆಮೇಲೆ ನೋಡೋಣ."

ಪಕ್ಕದಲ್ಲಿ ಬೈಲಪ್ಪ ಬಾಯಿ ಬಿಟ್ಟು ನಗುತ್ತಿದ್ದ, ದೊಡ್ಡಪ್ಪನ ಎದುರಿಗೇ. ಅವಳು ಅಕ್ಕಿ ತುಳಿಯದಂತೆ ಸೀರೆ ಎತ್ತಿಕೊಂಡು, ಅವನ ಕೈ ಹಿಡಿದು ಒಳಗೆ ಬಂದಳು.