ಉಪವಾಸದ ದಿನಗಳ ಹಾಲು

೧೨೬೮ರ ಮಾರ್ಚ್ ಎಂಟು, ಗುರುವಾರ. ಎಲ್ಮ್‌ಥಾರ್ಪಿನ ಚರ್ಚಿನಲ್ಲಿ ಬೆಳಗಿನ ಗಂಟೆ ಹೊಡೆಯಲಿಲ್ಲ. ಸ್ವಲ್ಪ ಹೊತ್ತಿಗೆ ವಿಧವೆ ಸಬೀನಾ ಷೆರಿಫನ ಅಧಿಕಾರಿ ಆಸ್ಬರ್ಟನ ಮುಂದೆ ನಿಂತು ದೂರು ಹೇಳಿದಳು. ಗಂಟೆ ಹೊಡೆಯುವ ಮುದುಕ ಎಡ್ರಿಕ್ ರಾತ್ರಿಯಿಂದ ಕಾಣೆಯಾಗಿದ್ದ.

ಮದುವೆಯ ದಿನ ಒಳಗೆ ಕಾಲಿಡುವ ಮುಂಚೆ, ಚರ್ಚಿನ ಬಾಗಿಲಲ್ಲಿ ನಿಂತು, ಅವಳ ಗಂಡ, ತಾನು ಸತ್ತ ಮೇಲೆ ತನ್ನ ಹೊಲದ ಮೂರನೇ ಒಂದು ಪಾಲು ಅವಳು ಬದುಕಿರುವವರೆಗೆ ಅವಳದು ಎಂದು ಹೇಳಿದ್ದ. ಅದನ್ನು ಕೇಳಿದವರಲ್ಲಿ ಎಡ್ರಿಕ್ ಒಬ್ಬನೇ ಉಳಿದಿದ್ದ. ಅಪ್ಪ ಹಾಗೆ ಹೇಳಲೇ ಇಲ್ಲ ಎಂಬುದು ಮೊದಲ ಹೆಂಡತಿಯ ಮಗ ಹೇಮೋನ ವಾದ. ಸೋಮವಾರ ವಿಚಾರಣೆ. ಸಾಕ್ಷಿ ಬರದಿದ್ದರೆ ಅವಳಿಗೆ ಉಟ್ಟ ಬಟ್ಟೆಯೇ ಗತಿ.

"ಯಾರ ಮೇಲೆ ಅನುಮಾನ?"

"ಅನುಮಾನ ಅಲ್ಲ ದಣಿ, ಖಾತ್ರಿ. ಆದ್ರೆ ನೀವು ಸಾಕ್ಷಿ ಕೇಳ್ತೀರಿ."

"ಸೋಮವಾರಕ್ಕೆ ಎಡ್ರಿಕ್ ಬರ್ತಾನೆ. ಹೋಗಮ್ಮ."

ಕಾವಲುಗಾರ ವೈಮಂಡ್ ಮತ್ತು ನಾಲ್ವರು ನೆರೆಯವರ ಎದುರು ಮುದುಕನ ಗುಡಿಸಲಿನ ಮಹಜರು ನಡೆಯಿತು. ರಕ್ತದ ಕಲೆಯಿಲ್ಲ. ಊರುಗೋಲಿಲ್ಲ. ಬಟ್ಟಲಲ್ಲಿ ಹಾಲಿನಲ್ಲಿ ನೆನೆಹಾಕಿದ ರೊಟ್ಟಿ. ಈಸ್ಟರ್‌ವರೆಗೆ ಉಪವಾಸ; ಊರಿನಲ್ಲಿ ಯಾರೂ ಹಾಲು ಮುಟ್ಟುವಂತಿರಲಿಲ್ಲ. ಹಲ್ಲಿಲ್ಲದ ಎಡ್ರಿಕ್‌ಗೆ ಮಾತ್ರ ಪಾದ್ರಿಯ ಅನುಮತಿಯಿತ್ತು. ಆಸ್ಬರ್ಟ್ ಬಟ್ಟಲನ್ನು ಮಹಜರಿನಲ್ಲಿ ಬರೆಸಿದ.

ಶುಕ್ರವಾರ ಹೇಮೋನ ಮನೆ ಶೋಧಿಸಿದರು. ಏನೂ ಸಿಗಲಿಲ್ಲ.

"ಮುದುಕ ಗಂಟೆ ಹಿಡ್ಕೊಂಡು ಸ್ವರ್ಗಕ್ಕೆ ಹಾರಿರ್ಬೇಕು," ಎಂದ ಹೇಮೋ.

"ಗಂಟೆ ಇಲ್ಲೇ ಇದೆಯಲ್ಲಪ್ಪ," ಎಂದು ಆಸ್ಬರ್ಟ್ ಹೊರಬಂದ.

ಶನಿವಾರ ಅವನು ಹೋದದ್ದು ಹಸು ಸಾಕಿದ್ದ ಗೋಡಾಳ ಕೊಟ್ಟಿಗೆಗೆ. ಉಪವಾಸದಲ್ಲಿ ಹಾಲೆಲ್ಲ ಹೆಪ್ಪುಗಟ್ಟಿ ಗಿಣ್ಣಾಗಿ ಕೂರುತ್ತದೆ, ಕೊಳ್ಳುವವರಿಲ್ಲ ಎಂದು ಅವಳು ಗೊಣಗಿದಳು. ಮೂರು ದಿನದಿಂದ ಹೇಮೋ ಒಬ್ಬನೇ ಹಾಲಿಗೆ ತಂಬಿಗೆ ತರುತ್ತಿದ್ದನಂತೆ, ತಬ್ಬಲಿ ಕುರಿಮರಿಗೆಂದು.

ಜೊತೆಗಿದ್ದ ವೈಮಂಡ್ ನಕ್ಕುಬಿಟ್ಟ. "ಅವನ ಕುರಿಗಳು ಇನ್ನೂ ಈದೇ ಇಲ್ಲ ದಣಿ."

ಭಾನುವಾರ ಬೆಳಕು ಹರಿದಾಗ ಇಬ್ಬರೂ ಹೇಮೋನ ಹಿಂದೆ ಜೌಗು ದಾಟಿದರು. ಪಾಳುಬಿದ್ದ ಕುರಿದೊಡ್ಡಿಯೊಂದರಲ್ಲಿ ಎಡ್ರಿಕ್ ಕಂಬಳಿ ಹೊದ್ದು ಕೂತಿದ್ದ. ಅಧಿಕಾರಿಯನ್ನು ಕಂಡವನೇ, ನಿನ್ನೆಯ ಹಾಲು ಹುಳಿಯಾಗಿತ್ತು ಎಂದು ದೂರು ಹೇಳಿದ. ಅಲ್ಲಿಯೇ ಹೇಮೋನ ಬಂಧನವಾಯಿತು.

ಸೋಮವಾರ ಎಡ್ರಿಕ್ ತಾನು ಕೇಳಿದ್ದನ್ನು ಹೇಳಿದ. ಪಾಲು ಸಬೀನಾಳದಾಯಿತು. ಈಸ್ಟರ್ ಕಳೆದ ಮೇಲೆ ಗಿರಣಿಯ ರೋಲ್ಫನನ್ನು ಮದುವೆಯಾಗಲು ಊರಿನ ಒಡೆಯನ ಅಪ್ಪಣೆ ಅವಳಿಗೆ ಮೊದಲೇ ಸಿಕ್ಕಿತ್ತು.

ಸೆರೆಮನೆಗೆ ಹೋಗುವ ದಾರಿಯಲ್ಲಿ ಹೇಮೋ ಆ ಹೊಲದ ಬದಿಯಲ್ಲಿ ನಿಂತ.

"ಅವಳಿಗೆ ಇಪ್ಪತ್ನಾಲ್ಕು, ನನಗೆ ಮೂವತ್ತು. ನನ್ನನ್ನೂ ಅವಳೇ ಮಣ್ಣು ಮಾಡ್ತಾಳೆ. ಅಲ್ಲಿವರೆಗೂ ನಮ್ಮಪ್ಪನ ಹೊಲದ ಸಾಲಲ್ಲಿ ಗಿರಣಿಯವನ ನೇಗಿಲು ಓಡೋದನ್ನ ನಾನು ನೋಡ್ತಿರ್ಬೇಕು." ಆಸ್ಬರ್ಟನತ್ತ ತಿರುಗಿ ಕೇಳಿದ, "ಹಾಲು ಕೊಡದೇ ಇದ್ದಿದ್ರೆ ಸಿಕ್ಕಿಬೀಳ್ತಿರ್ಲಿಲ್ಲ, ಅಲ್ವಾ?"

"ಆಗ್ಲೂ ಬೀಳ್ತಿದ್ದೆ," ಎಂದ ಆಸ್ಬರ್ಟ್. "ಕೊಡದೇ ಇದ್ದಿದ್ರೆ ಸೆರೆಮನೆಗಲ್ಲ, ನೇಣಿಗೆ ಕರ್ಕೊಂಡು ಹೋಗ್ತಿದ್ದೆ. ನಡಿ."