ಜಾಳಿಗೆ ಹತ್ತಿದ ಬಿಳಿ ಪುಡಿ

"ಬಾಯೋರ, ನನ್ನ ಬರ್ನರಿನ ತಂತಿ ಜಾಳಿ ಯಾರೋ ಬದಲಿ ಮಾಡ್ಯಾರ್ರಿ!"

ಪ್ರಾಜಕ್ತಾ ಅಡಿಗೆ ಗ್ಯಾಸ್ ಬರ್ನರ್ ಕೂರಿಸಿದ್ದ ಅಂಗೈಯಗಲದ ಉಗಿ ಬಾಯ್ಲರನ್ನು ಅಕ್ಕುತಾಯಿಯ ಮೇಜಿನ ಮೇಲಿಟ್ಟಳು. ಚಿಕ್ಕೋಡಿಯಲ್ಲಿ ಯಾರ ಕಿತಾಪತಿ ಬಯಲಾಗಬೇಕಾದರೂ ಜನ ಅಕ್ಕುತಾಯಿಯ ಲೇಥ್ ಅಂಗಡಿಗೇ ಬರುತ್ತಿದ್ದರು. ಅಲ್ಲಿ ಹದಿನಾಲ್ಕು ವರ್ಷದಿಂದ ಅವರ ಬಲಗೈಯಾಗಿದ್ದವನು ಮಾಯಪ್ಪ. 'ಬೆಸುಗಿ ಅಂದ್ರ ಈ ಹುಡುಗಿದು' ಎಂದು ಅವರು ಹೊಗಳಿದ ದಿನದಿಂದ ಪ್ರಾಜಕ್ತಾಳನ್ನು ಕಂಡರೆ ಅವನ ಹೊಟ್ಟೆ ಉರಿಯುತ್ತಿತ್ತು. ಅವನ ಬೆಸುಗೆಗೆ ಅಂಥ ಮಾತು ಎಂದೂ ಸಿಕ್ಕಿರಲಿಲ್ಲ.

ಕಾಲೇಜಿನಲ್ಲಿ ಮಾದರಿ ಎಂಜಿನ್ ಕಲಿಸುವ ಒಂದೇ ಕೆಲಸಕ್ಕೆ ಅವಳೂ ರಾಯಬಾಗದ ಸಂಗ್ರಾಮನೂ ಪೈಪೋಟಿಗಿಳಿದಿದ್ದರು. ಬೆಳಗಿನ ಪರೀಕ್ಷೆಯಲ್ಲಿ ಅವಳ ಬರ್ನರ್ ಬಿಳಿ ಹೊಗೆ ಕಾರಿ ಆರಿತ್ತು. ನಾಲ್ಕಕ್ಕೆ ಕೊನೆಯ ಅವಕಾಶ. ಪರೀಕ್ಷೆಗೆ ಮೊದಲು ಅವಳು ಬಾಯ್ಲರಿನ ಡಬ್ಬಿ ಇಟ್ಟ ಕೋಣೆಗೆ ಹೋದವರು ಇಬ್ಬರೇ: ಸಂಗ್ರಾಮ, ಮತ್ತು ಇಬ್ಬರಿಗೂ ಬತ್ತಿ ದೀಪದ ಬರ್ನರ್ ಕಲಿಸಿದ ನಿಪ್ಪಾಣಿಯ ರಾಜಾರಾಮ ಮಾಸ್ತರರು.

"ಸಂಗ್ರಾಮನ ಮಾಡ್ಯಾನ್ರಿ. ಹಚ್ಚಿದ ಕೂಡಲೇ ಬೀಡಿ ವಾಸನಿ ಬಂತು."

ಅಕ್ಕುತಾಯಿ ಅಯಸ್ಕಾಂತ ಹಿಡಿದರು. ಜಾಳಿ ಟಕ್ಕನೆ ಅಂಟಿತು. ಎಳೆಗಳ ಮೇಲೆ ಬಿಳಿ ಪುಡಿ.

"ನನ್ನ ಸ್ಟೇನ್‌ಲೆಸ್ ಸ್ಟೀಲಿನ ಜಾಳಿಗೆ ಇದು ಅಂಟತಿರಲಿಲ್ರಿ!"

ಅಕ್ಕುತಾಯಿ ಹೊರಗೆ ಹೋಗಿ ಯಾರಿಗೋ ಫೋನ್ ಮಾಡಿದರು. ಮೂರು ಗಂಟೆಗೆ ಎಲ್ಲರನ್ನೂ ಅಂಗಡಿಗೆ ಕರೆಸಿದರು.

"ಸಂಗ್ರಾಮ, ಬೀಡಿ ಸೇದ್ತೀಯೇನಪಾ?"

"ಅವ್ವನಾಣಿ ಇಲ್ರಿ. ಗುಟ್ಕಾ ಸುದ್ದಾ ಬಿಟ್ಟೇನಿ!"

ಅಕ್ಕುತಾಯಿ ಜಾಳಿ ಎತ್ತಿ ಹಿಡಿದರು. "ಇದು ಸತುವು ಬಳದ ಕಬ್ಬಿಣ. ಕೆಂಪಗ ಕಾದ್ರ ಸತುವು ಬಿಳಿ ಹೊಗಿಯಾಗಿ ಚಾಡಿ ಹೇಳತೈತಿ. ಗ್ಯಾಸ್ ಬರ್ನರ್ ಮಾಡೋ ಸಂಗ್ರಾಮಗ ಅದು ಗೊತ್ತು, ಅಂವಾ ಹಾಕ್ತಿರಲಿಲ್ಲ. ಹಾಕಿದವರಿಗೆ ತೂತು ದೊಡ್ಡದಾದ್ರ ಉರಿ ಒಳಗ ಹೊಕ್ಕು ಬರ್ನರ್ ಆರತೈತಿ ಅನ್ನೋದಷ್ಟ ಗೊತ್ತು. ಬತ್ತಿ ದೀಪ ಬಿಟ್ಟು ಬ್ಯಾರೆ ಬರ್ನರ್ ಹಚ್ಚಿದವರಲ್ಲ. ಬೀಡಿ ವಾಸನಿ ಬಂದದ್ದು ಜಾಳಿಯೊಳಗಿಂದ. ಇದು ನಿಪ್ಪಾಣಿ ಕಡೆ ತಂಬಾಕು ಸೋಸೋ ಜರಡಿ. ಮಾಸ್ತರ, ನಿಮ್ಮ ಹೆಂಡತಿ ಗಂಗೂಬಾಯಿಗೆ ಫೋನ್ ಮಾಡಿದ್ದೆ. ಜರಡಿ ನಡುವ ದುಂಡಗ ಕತ್ತರಿಸಿದ ಇಲಿಗೆ ಗಂಗೂಬಾಯಿ ಬೈಯಾಕತ್ತಿದ್ರು."

ರಾಜಾರಾಮ ಜೇಬಿನಿಂದ ಸ್ಟೀಲಿನ ಜಾಳಿ ತೆಗೆದಿಟ್ಟರು. "ನನ್ನ ಬತ್ತಿ ಮ್ಯಾಲ ಕಲತಾಕಿ, 'ಬತ್ತಿ ಕಾಲ ಮುಗೀತ್ರಿ' ಅಂತ ಎಲ್ಲರ ಮುಂದ ನಕ್ಕಳು. ತಡಕೊಳ್ಳಾಕ ಆಗಲಿಲ್ಲ."

ಪ್ರಾಜಕ್ತಾ ಜಾಳಿ ಎತ್ತಿಕೊಂಡು ಸ್ಕ್ರೂಡ್ರೈವರ್ ಹುಡುಕಿದಳು. "ಕೊಡಬೇ ತಂಗಿ" ಎಂದು ಮಾಯಪ್ಪ ಜಾಳಿ ಕೂರಿಸತೊಡಗಿದ. ಒಂದು ಸ್ಕ್ರೂ ಸಡಿಲ ಬಿಟ್ಟರೆ ಯಾರಿಗೂ ತಿಳಿಯದು. ತಲೆ ತಗ್ಗಿಸಿ ಕುಳಿತ ಮಾಸ್ತರರ ಕಡೆ ನೋಡಿದ. ನಾಲ್ಕೂ ಸ್ಕ್ರೂಗಳನ್ನು ಎರಡೆರಡು ಸಲ ಬಿಗಿದ.

ನಾಲ್ಕು ದಾಟಿ ಹತ್ತು ನಿಮಿಷಕ್ಕೆ ಕಾಲೇಜಿನ ಕಡೆಯಿಂದ ಪ್ರಾಜಕ್ತಾಳ ಪುಟ್ಟ ಎಂಜಿನ್ನಿನ ಸೀಟಿ ಕೇಳಿತು.