ಪೆಟ್ಟಿಗೆಯೊಳಗಿನ ಅಕ್ಕ

"ಅಕ್ಕಾ... ನಾನು ಬಂದಿದೀನಿ ಕಣೇ."

ಬಾಗಿಲು ತಳ್ಳಿದ ಅವಳ ಕೈ ಅಲ್ಲೇ ನಿಂತಿತು.

ಪ್ರಯೋಗಾಲಯದ ಆ ಒಳಕೋಣೆಗೆ ಕಿಟಕಿ ಇಲ್ಲ. ಹಗಲಲ್ಲೂ ಮಂದ ಕೆಂಪು ದೀಪ. ಆ ಬೆಳಕಿನಲ್ಲಿ ಎತ್ತರದ ಮನುಷ್ಯನೊಬ್ಬ ಬಗ್ಗಿ, ಅವಳ ಲೋಹದ ಪೆಟ್ಟಿಗೆಯ ಮೇಲೆ ಅಂಗೈ ಇಟ್ಟು, ಅದರ ಜೊತೆ ಮಾತಾಡುತ್ತಿದ್ದ!

ಪೆಟ್ಟಿಗೆಗೆ ಜೋಡಿಸಿದ ಸ್ಪೀಕರಿನಿಂದ ಚಟಪಟ ಸದ್ದು ಬರುತ್ತಿತ್ತು. ಒಣಗಿದ ಎಲೆಗಳ ಮೇಲೆ ಯಾರೋ ನಡೆದಂತೆ. ಅವಳು ಕೇಳುತ್ತಿದ್ದಂತೆಯೇ ಆ ನಡಿಗೆ ಜೋರಾಯಿತು... ಓಟವಾಯಿತು.

"ಯಾರ್ರೀ ನೀವು? ಮೊದಲು ಕೈ ತೆಗೀರಿ!"

ಅವನು ತಿರುಗಿದ. ಕಣ್ಣಲ್ಲಿ ನೀರು, ತುಟಿಯಲ್ಲಿ ನಗು. ಒಂದೇ ಮುಖದಲ್ಲಿ ಎರಡನ್ನೂ ಅವಳು ಎಂದೂ ಕಂಡಿರಲಿಲ್ಲ.

"ಮೆಲ್ಲಗೆ ಡಾಕ್ಟ್ರೇ. ಕೂಗಾಡಿದ್ರೆ ನಮ್ಮಕ್ಕನಿಗೆ ಆಗಲ್ಲ."

ಆ ಅಕ್ಕ ಸತ್ತು ವರ್ಷವಾಗಿತ್ತು.

ಆದರೆ ಅವನ ಮಾತು ಪೂರ್ತಿ ಸುಳ್ಳೂ ಅಲ್ಲ. ಬದುಕಿದ್ದಾಗ ಆಕೆ ಕೊಟ್ಟ ಚೂರು ಚರ್ಮದಿಂದ ಜೀವಕೋಶಗಳನ್ನು ಬೆಳೆಸಿ, ಅವುಗಳನ್ನು ನರಕೋಶಗಳನ್ನಾಗಿ ಮಾಡಿ, ಪೆಟ್ಟಿಗೆಯೊಳಗಿನ ಗಾಜಿನ ತಟ್ಟೆಯಲ್ಲಿ ಸಾಕಿದವಳು ಇವಳೇ. ತಟ್ಟೆಯ ಅಡಿಯ ಸಣ್ಣ ತಂತಿಗಳು ಕೋಶಗಳ ಮಿಡಿತವನ್ನು ಸ್ಪೀಕರಿಗೆ ಕಳಿಸುತ್ತಿದ್ದವು. ತಮ್ಮನೂ ಹೋಲಿಕೆಗಾಗಿ ಆಸ್ಪತ್ರೆಯಲ್ಲಿ ತನ್ನ ಚರ್ಮದ ಚೂರು ಕೊಟ್ಟಿದ್ದ. ಈ ಮನುಷ್ಯನೇ ಆ ತಮ್ಮ; ಅವನನ್ನು ಅವಳು ನೋಡಿರಲಿಲ್ಲ, ಅಷ್ಟೆ.

"ಆಸ್ಪತ್ರೆ ನರ್ಸ್ ಹೇಳಿದ್ರು. ನಿಮ್ಮಕ್ಕ ಅಲ್ಲಿ ಇನ್ನೂ ಜೀವಂತ ಇದಾರೆ ಅಂತ."

"ನಿಮ್ಮಕ್ಕ ಅಲ್ಲ, ಅವರ ಜೀವಕೋಶ. ಅದಕ್ಕೆ ಕಿವಿ ಇಲ್ಲ, ಕಣ್ಣಿಲ್ಲ. ಮತ್ತೆ ನಾನು ಕಾಯಿಲೆ ನೋಡೋ ಡಾಕ್ಟರೂ ಅಲ್ಲ."

"ಹಾಗಾದ್ರೆ ನಾನು ಕರೆದಾಗ ಯಾಕೆ ಜೋರಾಯ್ತು?"

ಅವನ ಅಂಗೈಯ ಬಿಸಿ ಲೋಹಕ್ಕೆ ಇಳಿದಿತ್ತು. ಬಿಸಿಯಾದರೆ ಕೋಶಗಳು ಹೆಚ್ಚು ಮಿಡಿಯುತ್ತವೆ. ಒಂದೇ ಮಾತಿನಲ್ಲಿ ಹೇಳಿಬಿಡಬಹುದಿತ್ತು.

ಹೇಳಲಿಲ್ಲ. ಆ ನಗುವನ್ನು ಒರೆಸಿಹಾಕಲು ಮನಸ್ಸು ಬರಲಿಲ್ಲ...

ಅವನು ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು. ಪಾಠ ಮುಗಿಸಿ ಸಂಜೆ ಬರುವುದು ರೂಢಿಯಾಯಿತು. ಪೆಟ್ಟಿಗೆಯ ಮುಂದೆ ಸ್ಟೂಲ್ ಎಳೆದುಕೊಂಡು, "ಅಕ್ಕಾ, ಇವತ್ತೊಬ್ಬಳು ಅಜ್ಜಿ ಕಾರನ್ನ ನೇರ ಹೇರ್‌ಕಟಿಂಗ್ ಅಂಗಡಿ ಒಳಕ್ಕೆ ಬಿಟ್ಲು ಕಣೇ! ಒಳಗಿದ್ದೋನು ಅರ್ಧ ಮೀಸೆಯಲ್ಲೇ ಎದ್ದೋಡಿದ," ಎನ್ನುತ್ತಿದ್ದ. ಸ್ಪೀಕರ್ ಚಟಪಟ ನಗುತ್ತಿತ್ತು. ಮೈ ಜುಮ್ಮೆನ್ನುತ್ತಿದ್ದರೂ ಅವಳೂ ನಗುತ್ತಿದ್ದಳು.

"ಕೊನೆಗೆ ಅಕ್ಕ ನನ್ನನ್ನೇ ಮರೆತಿದ್ಲು ಡಾಕ್ಟ್ರೇ," ಎಂದ ಒಂದು ದಿನ. "ಎತ್ತಿ ಆಡಿಸಿ ಬೆಳೆಸಿದವಳು, ಯಾರಪ್ಪಾ ನೀನು ಅಂದ್ಲು. ಅದ್ಯಾಕೆ ಹಾಗಾಯ್ತು?"

ಅವಳು ಅವನ ಕೈ ಹಿಡಿದು, ತನ್ನ ಬೆರಳುಗಳನ್ನು ಅವನ ಬೆರಳುಗಳೊಳಗೆ ಹೆಣೆದಳು.

"ಎರಡು ನರಕೋಶ ಹೀಗೆ ಸೇರೋ ಜಾಗಕ್ಕೆ ಸಿನಾಪ್ಸ್ ಅಂತೀವಿ. ಈ ಹಿಡಿತ ಬಿಗಿ ಮಾಡೋಕೆ ಒಂದು ಕಿಣ್ವ ಬೇಕು, ಎಂಜೈಮ್ ಅಂತಾರಲ್ಲ, ಅದು. ನಿಮ್ಮಕ್ಕನ ಜೀನ್ ಕೆಟ್ಟಿತ್ತು, ಆ ಕಿಣ್ವ ತಯಾರಾಗ್ಲಿಲ್ಲ. ಹಿಡಿತ ಸಡಿಲ ಆಯ್ತು... ನೆನಪು ಜಾರಿತು."

"ಈಗ?"

"ಸರಿಯಾದ ಜೀನ್ ಸೇರಿಸಿದೀನಿ. ಮೂಕವಾಗಿದ್ದ ತಟ್ಟೆ ಮಾತಾಡ್ತಿದೆ."

ಹೆಣೆದ ಬೆರಳು ಬಿಡಿಸಲು ಇಬ್ಬರೂ ಮರೆತಿದ್ದರು.

ಆ ಕಿಣ್ವಕ್ಕೆ ಅವಳು ತನ್ನ ಯೌವನವನ್ನೇ ಸುರಿದಿದ್ದಳು. ಮದುವೆ ಯಾವಾಗ ಎಂದು ಕೇಳಿದ ಸೋದರತ್ತೆಗೆ, "ಕಿಣ್ವದ ಜೊತೆ ಆಗಿದೆ ಅತ್ತೆ, ನಿಮ್ಮನ್ನ ಕರೆಯೋಕೆ ಮರೆತೆ," ಎಂದಿದ್ದಳು. ಈಗ ಸಂಜೆಯಾದರೆ ಬಾಗಿಲಿನತ್ತ ನೋಡುವುದೇ ಕೆಲಸ. ಅವನು ಡ್ರೈವಿಂಗ್ ಕಲಿಸುತ್ತೇನೆ ಎಂದಾಗ ಬೇಡವೆನ್ನಲಿಲ್ಲ.

"ಭಯ ಬೇಡ. ಈ ಕಡೆ ಇನ್ನೊಂದು ಬ್ರೇಕ್ ಇದೆ, ನನ್ನ ಕಾಲ ಕೆಳಗೆ."

'ನನ್ನ ಎದೆಗೂ ಒಂದು ಬ್ರೇಕ್ ಇದ್ದಿದ್ದರೆ...' ಎಂದುಕೊಂಡಳು.

ಅವಳ ಸಂಶೋಧನೆ ಅಚ್ಚಾಗುವ ಮೊದಲು ಒಂದು ಮಾಮೂಲಿ ಪರೀಕ್ಷೆ ಉಳಿದಿತ್ತು. ತಟ್ಟೆಯ ಕೋಶಗಳು ನಿಜಕ್ಕೂ ಅದೇ ವ್ಯಕ್ತಿಯವೇ ಎಂಬ ಗುರುತು ಪರೀಕ್ಷೆ.

ಫಲಿತಾಂಶವನ್ನು ಅವಳು ಎರಡು ಸಲ ಓದಿದಳು.

ಪೆಟ್ಟಿಗೆಯೊಳಗಿದ್ದವು ಗಂಡಿನ ಕೋಶಗಳು.

ಅಕ್ಕನವಲ್ಲ. ತಮ್ಮನವು. ಅವನವೇ!

ಹೇಗೆಂದು ಅವಳಿಗೆ ತಕ್ಷಣ ಹೊಳೆಯಿತು. ತಟ್ಟೆಗೆ ಹಾಕುವ ಮೊದಲು ಕೋಶ ಬೆಳೆಯುತ್ತಿದ್ದ ಇಬ್ಬರ ಸೀಸೆಗಳನ್ನೂ ಒಂದೇ ಮೇಜಿನ ಮೇಲೆ, ಅಕ್ಕಪಕ್ಕ, ಒಟ್ಟಿಗೇ ತೆರೆದು ಆಹಾರ ಹಾಕುತ್ತಿದ್ದಳು. ಹಾಗೆ ಮಾಡಬಾರದು. ಅವಸರಕ್ಕೆ ಮಾಡಿದ್ದಳು. ತಮ್ಮನ ಸೀಸೆಯಿಂದ ಒಂದು ಹನಿ ಅಕ್ಕನ ಸೀಸೆಗೆ ಬಿದ್ದಿರಬೇಕು. ಅಕ್ಕನವು ಕುಂಟುತ್ತ ಬೆಳೆಯುವ ಕೋಶಗಳು, ತಮ್ಮನವು ಗಟ್ಟಿಮುಟ್ಟು. ಒಳಗೊಳಗೇ, ಸದ್ದಿಲ್ಲದೆ, ಅವು ಇಡೀ ಸೀಸೆಯನ್ನು ಆಕ್ರಮಿಸಿದ್ದವು. ಮೂಕ ತಟ್ಟೆ ಮಾತಾಡಿದ್ದು ಜೀನಿನಿಂದಲ್ಲ, ಇವುಗಳಿಂದ.

ಹಾಗಾದರೆ ಅಷ್ಟೂ ಸಂಜೆ ಆ ಮನುಷ್ಯ "ಅಕ್ಕಾ" ಎಂದು ಕರೆದದ್ದು... ತನ್ನನ್ನೇ! ಓಗೊಟ್ಟದ್ದೂ ತಾನೇ!

ಒಳಕೋಣೆಯ ಸ್ಪೀಕರ್ ಯಾರೂ ಇಲ್ಲದೆ ಚಟಪಟ ಎನ್ನುತ್ತಿತ್ತು. ಅವಳು ಕಿವಿ ಮುಚ್ಚಿಕೊಂಡಳು.

"ಒಂದು ಹನಿಗೋಸ್ಕರ ಇಷ್ಟು ವರ್ಷದ ಕೆಲಸಾನ ಹೊಳೆಗೆ ಹಾಕ್ತೀಯಾ?" ಎಂದರು ಪ್ರಯೋಗಾಲಯದ ಮುಖ್ಯಸ್ಥೆ. "ಪರೀಕ್ಷೆ ಇನ್ನೊಂದ್ಸಲ ಮಾಡು. ಸರಿ ಬರೋ ತನಕ ಮಾಡು. ಆ ಹುಡುಗನಿಗೂ ಸಮಾಧಾನ, ನಮಗೂ ಸಮಾಧಾನ."

ಎಂಥ ಸಮಾಧಾನ! ಸತ್ತವಳಿಗೆ ಬಾಯಿಲ್ಲ, ಬದುಕಿದ್ದವನಿಗೆ ವಿಜ್ಞಾನ ಗೊತ್ತಿಲ್ಲ, ಅಷ್ಟಾದರೆ ಸಾಕೇ? ಇಂಥವರ ಸಮಾಧಾನಕ್ಕೆ ಬೆಂಕಿ ಬೀಳಲಿ!

"ಆಗಲ್ಲ ಮೇಡಂ. ಪ್ರಬಂಧ ವಾಪಸ್ ತಗೊಳ್ತೀನಿ," ಎಂದಳು. ಧ್ವನಿ ನಡುಗಿತು, ಮಾತು ನಡುಗಲಿಲ್ಲ.

ಆದರೆ ಅವನಿಗೆ ಹೇಳುವ ಧೈರ್ಯ? ಅದೊಂದು ಬರಲಿಲ್ಲ. ಅವನು ಬಂದಾಗ, ಕೋಣೆ ರಿಪೇರಿ ಎಂದಳು. ಮತ್ತೆ ಬಂದಾಗ, ಬಾಗಿಲೇ ತೆರೆಯಲಿಲ್ಲ. ಹೇಳಿದರೆ ಅವನು ಅಕ್ಕನನ್ನು ಎರಡನೇ ಸಲ ಕಳೆದುಕೊಳ್ಳುತ್ತಾನೆ. ತಾನು ಅವನನ್ನು...

ಕೊನೆಗೆ ಅವನೇ ಕಾರು ತಂದು ಗೇಟಿನ ಮುಂದೆ ನಿಲ್ಲಿಸಿದ.

"ಹತ್ತಿ. ಪಾಠ ಬಾಕಿ ಇದೆ."

ಅವಳು ಸ್ಟೀರಿಂಗ್ ಹಿಡಿದಳು. ಒಂದು ತಿರುವು ದಾಟಿದ ಮೇಲೆ ಅವನೇ ಕೇಳಿದ.

"ಡ್ರೈವಿಂಗ್ ಮೇಷ್ಟ್ರು ಡಾಕ್ಟರಮ್ಮನಿಗೆ ಸಾಟಿ ಅಲ್ಲ ಅಂತ ಅನ್ನಿಸಿತಾ? ಬಾಯಿ ಬಿಟ್ಟು ಹೇಳಿ, ಹೋಗ್ತೀನಿ. ಆದ್ರೆ ಅಕ್ಕನ್ನ ನೋಡೋಕೂ ಬಿಡಲ್ಲ ಅಂದ್ರೆ ಹೇಗೆ?"

"ಅದು ನಿಮ್ಮಕ್ಕ ಅಲ್ಲ!"

ಹೊರಬಿದ್ದೇಬಿಟ್ಟಿತು. ಹನಿಯ ವಿಷಯ, ಸೀಸೆಯ ವಿಷಯ, ಅಂಗೈ ಬಿಸಿಯ ವಿಷಯ... ಒಂದೇ ಉಸಿರಿಗೆ ಎಲ್ಲವನ್ನೂ ಹೇಳಿದಳು.

ಅವನ ಕಾಲು ಬ್ರೇಕ್ ತುಳಿಯಿತು. ಕಾರು ಕಿರ್ರೆಂದು ನಿಂತಿತು.

"ಅಂದ್ರೆ..." ಅವನು ಅವಳತ್ತ ತಿರುಗಿದ. "ಅಕ್ಕನ್ನ ನಾನೇ ತಿಂದುಹಾಕಿದ್ನಾ?"

"ಇಲ್ಲ! ಹಾಗಲ್ಲ... ತಪ್ಪು ನನ್ನದು. ಹನಿ ಬಿದ್ದಿದ್ದು ನನ್ನ ಕೈಯಿಂದ."

"ಬಿಸಿ ಅಂತ ಮೊದಲ ದಿನವೇ ಗೊತ್ತಿತ್ತಲ್ಲ ನಿಮಗೆ? ನಾನು ಅಲ್ಲಿ ಕೂತು ಹುಚ್ಚನ ಥರ ಮಾತಾಡ್ತಿದ್ದೆ. ನೋಡ್ತಾ ಇದ್ರಲ್ಲ!"

"ನಿಮ್ಮ ನಗು..."

ಮುಂದಿನದನ್ನು ಅವನು ಕೇಳಿಸಿಕೊಳ್ಳಲಿಲ್ಲ. ಬಾಗಿಲು ತೆರೆದು ಇಳಿದ. ತನ್ನದೇ ಕಾರನ್ನು ಅವಳ ಕೈಗೆ ಬಿಟ್ಟು, ತಿರುಗಿಯೂ ನೋಡದೆ ಹೋದ.

ತಿಂಗಳುಗಳು ಉರುಳಿದವು. ಅವಳು ಅತ್ತಳು. ಅತ್ತು, ಮುಖ ತೊಳೆದು, ಕೆಲಸಕ್ಕೆ ನಿಂತಳು.

ಆ ಹನಿ ಬೀಳುವ ಮೊದಲೇ ಅಕ್ಕನ ಕೋಶಗಳನ್ನು ಸ್ವಲ್ಪ ತೆಗೆದು ದ್ರವ ಸಾರಜನಕದಲ್ಲಿ ಹೆಪ್ಪುಗಟ್ಟಿಸಿ ಇಟ್ಟಿದ್ದಳು. ಒಂದೇ ಪುಟ್ಟ ಸೀಸೆ ಉಳಿದಿತ್ತು. ಕರಗಿಸುವಾಗ ಕೆಟ್ಟರೆ ಆ ಹೆಂಗಸಿನದು ಎಂಬುದೇನೂ ಜಗತ್ತಿನಲ್ಲಿ ಉಳಿಯದು. ಈ ಸಲ ಮೇಜಿನ ಮೇಲೆ ಬೇರಾವ ಸೀಸೆಯೂ ಇರಲಿಲ್ಲ. ಕರಗಿಸಿದಳು. ಬೆಳೆಸಿದಳು. ಗುರುತು ಪರೀಕ್ಷೆ ಮಾಡಿಸಿದಳು. ಆಮೇಲೆ ಅವನಿಗೆ ಒಂದೇ ಸಾಲಿನ ಸಂದೇಶ ಕಳಿಸಿದಳು.

'ಅಕ್ಕ ಇದ್ದಾರೆ. ಈ ಸಲ ನಿಜವಾಗಿ.'

ಅವನು ಬಂದ. ತೆಳ್ಳಗಾಗಿದ್ದ. ಸ್ಟೂಲಿನ ಮೇಲೆ ಕೂತ. ಅವಳು ಸ್ಪೀಕರ್ ಹಾಕಿದಳು.

ಮೌನ.

ತುಂಬ ಹೊತ್ತಾದ ಮೇಲೆ ಒಂದು ಸಣ್ಣ 'ಟಪ್'. ಮತ್ತೆ ಮೌನ.

"ಇವಕ್ಕೆ ಜೀನ್ ಸೇರಿಸಿಲ್ಲ," ಎಂದಳು ಮೆಲ್ಲಗೆ. "ಇದ್ದ ಹಾಗೇ ಇಟ್ಟಿದೀನಿ. ಸೇರಿಸೋ ಮೊದಲು ನಿಮ್ಮನ್ನ ಕೇಳ್ಬೇಕು ಅನ್ನಿಸ್ತು."

ಅವನು ಅಂಗೈ ಚಾಚಿ, ಪೆಟ್ಟಿಗೆ ಮುಟ್ಟದೆ ಹಿಂದಕ್ಕೆ ತೆಗೆದುಕೊಂಡ.

"ಇದು ಅಕ್ಕ. ಕೊನೆಕೊನೆಗೆ ಹೀಗೇ ಇದ್ಲು. ಕಿಟಕಿ ನೋಡ್ಕೊಂಡು ಸುಮ್ಮನೆ..." ಈ ಸಲ ನಗುವಿರಲಿಲ್ಲ, ಬರೀ ಅಳು. ವರ್ಷಗಳಿಂದ ತಡೆದಿಟ್ಟದ್ದು. "ಸೇರಿಸಿ ಡಾಕ್ಟ್ರೇ. ಯಾರದ್ದೋ ಅಕ್ಕನಿಗೆ ಉಪಯೋಗ ಆಗ್ಲಿ."

ಅವಳು ದೂರದಲ್ಲೇ ನಿಂತಿದ್ದಳು. ಹತ್ತಿರ ಹೋಗುವ ಹಕ್ಕು ತನಗಿದೆಯೋ ಇಲ್ಲವೋ...

"ನನ್ನವು ಏನಾದ್ವು?" ಎಂದ ಕಣ್ಣೊರೆಸಿಕೊಂಡು. "ಎಸೆದ್ರಾ?"

"ಎಸೆಯೋಕಾಗ್ಲಿಲ್ಲ. ಪಕ್ಕದ ಪೆಟ್ಟಿಗೇಲಿದೆ."

"ಆ ಸ್ಪೀಕರ್ ಹಾಕಿ. ನೀವು ಹೊರಗೆ ಹೋಗಿ."

"ಯಾಕೆ?"

"ಹೋಗ್ರೀ ಅಂದ್ರೆ."

ಅವಳು ಹೊರಗೆ ನಿಂತಳು. ಬಾಗಿಲಿನಾಚೆ ಒಣ ಎಲೆಗಳ ಮೇಲೆ ಯಾರೋ ನಿಧಾನ ನಡೆಯುವ ಸದ್ದು.

"ಈಗ ಬನ್ನಿ!"

ಬಾಗಿಲು ತಳ್ಳಿದಳು.

ನಡಿಗೆ ಜೋರಾಯಿತು. ಓಟವಾಯಿತು.

ಅವಳು ಪೆಟ್ಟಿಗೆಯತ್ತ ನೋಡಿದಳು. ಪೆಟ್ಟಿಗೆಯನ್ನು ಯಾರೂ ಮುಟ್ಟಿರಲಿಲ್ಲ. ಅವನ ಎರಡೂ ಕೈ ಮಡಿಲಲ್ಲಿದ್ದವು.

"ಮೊದಲ ದಿನವೂ ಹೀಗೇ ಆಯ್ತು," ಎಂದ ಅವನು. "ನಾನು ಕೈ ಇಟ್ಟು ಆಗ್ಲೇ ಬಹಳ ಹೊತ್ತಾಗಿತ್ತು. ಜೋರಾಗಿದ್ದು ನೀವು ಬಾಗಿಲು ತೆಗೆದಾಗ. ಅಕ್ಕ ಅಲ್ಲ ಅಂದಮೇಲೆ ಮನೇಲಿ ಕೂತು ಅದನ್ನೇ ಯೋಚನೆ ಮಾಡಿದೆ."

"ಹೊರಗಿನ ಗಾಳಿ ಇರಬೇಕು... ಇದಕ್ಕೆ ವಿಜ್ಞಾನದಲ್ಲಿ..."

"ನಿಮ್ಮ ಮೇಲೆ ಕೋಪ ಇನ್ನೂ ಇದೆ."

"ಗೊತ್ತು."

"ಇರುತ್ತೆ ಸ್ವಲ್ಪ ದಿನ. ಆದ್ರೆ ಇವು ನನ್ನ ಮಾತು ಕೇಳ್ತಿಲ್ಲ, ನೋಡಿ."

ಕೆಂಪು ಬೆಳಕಿನಲ್ಲಿ ಅವನು ಕೈ ಚಾಚಿದ. ಅವಳು ತನ್ನ ಬೆರಳುಗಳನ್ನು ಅವನ ಬೆರಳುಗಳೊಳಗೆ ಹೆಣೆದಳು.

"ಬಿಗಿಯಾಗಿ ಹಿಡೀರಿ," ಎಂದ.

"ಜಾರಲ್ಲ," ಎಂದಳು.